ಪರದೆ ಬರಲೋ, ಫೈಲ್ ಬರಲೋ?

ಶಿರಸಿ, ಕೊಪ್ಪ, ಪುತ್ತೂರು, ಸಕಲೇಶಪುರದ ಕಡೆ ಮನೆಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವ ಇಬ್ಬರು ಮದುವೆ ಮನೆಯಲ್ಲಿ ಎದುರಾದರೆ, ಅಡಿಕೆ ಧಾರಣೆಯ ಮಾತು ಮುಗಿದ ಮೇಲೆ ಬರುವುದು ನೆಟ್‌ನ ಮಾತು. 'ನಾನು ಆಫೀಸಿನ ಸಿಸ್ಟಮ್ಮಿಗೆ ರಿಮೋಟ್ ತಗೊಂಡೇ ಕೆಲಸ ಮಾಡೋದು, ಎಂಥದೂ ತೊಂದರೆ ಇಲ್ಲ' ಎನ್ನುತ್ತಾರೆ ಒಬ್ಬರು. 'ರಿಮೋಟಾ? ಮಾರಾಯ್ರೇ, ಇಲ್ಲಿ ಮೌಸ್ ಅಲ್ಲಾಡಿಸಿ ಅಲ್ಲಿ ಬಾಣ ಏಳುವಷ್ಟರಲ್ಲಿ ಒಂದು ಕವಳ ಹಾಕಿ ಮುಗಿಸಬಹುದು' ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮನೆಗೂ ಬಂದಿರುವುದು ಒಂದೇ ಕಂಪನಿಯ ಒಂದೇ ಪ್ಲ್ಯಾನ್ ಇರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ದೂರದ ಕೆಲಸಕ್ಕೆ ಇರುವ ದಾರಿ ಎರಡು. ಮೊದಲನೆಯದರಲ್ಲಿ ಕಂಪ್ಯೂಟರ್ ಆಫೀಸಿನಲ್ಲೇ ಉಳಿಯುತ್ತದೆ, ಅದರ ಪರದೆ ಮಾತ್ರ ಮನೆಗೆ ಬರುತ್ತದೆ. ನಾವು ಒತ್ತಿದ ಕೀಲಿ, ಸರಿಸಿದ ಮೌಸು ಅಲ್ಲಿಗೆ ಹೋಗುತ್ತದೆ. ಅದರಿಂದ ಅಲ್ಲಿನ ಪರದೆಯಲ್ಲಿ ಆದ ಬದಲಾವಣೆ ಇಲ್ಲಿಗೆ ಬರುತ್ತದೆ. ಇದು ರಿಮೋಟ್ ಡೆಸ್ಕ್‌ಟಾಪ್. ಎರಡನೆಯದರಲ್ಲಿ ಫೈಲೇ ನಮ್ಮ ಲ್ಯಾಪ್‌ಟಾಪಿಗೆ ಇಳಿಯುತ್ತದೆ, ಕೆಲಸವೆಲ್ಲ ಇಲ್ಲೇ ನಡೆಯುತ್ತದೆ, ಮುಗಿದದ್ದು ವಾಪಸ್ ಹೋಗುತ್ತದೆ. ನೆಟ್ ಗಟ್ಟಿಯಾಗಿರುವ ಕಡೆ ಯಾವ ದಾರಿ ಹಿಡಿದರೂ ನಡೆಯುತ್ತದೆ. ನೆಟ್ ಸೊರಗಿದ ಮನೆಯಲ್ಲಿ ಮಾತ್ರ ಎರಡರ ಗುಣದೋಷ ಎದ್ದು ಕಾಣುತ್ತದೆ. ಅಲ್ಲಿ ಯಾವುದನ್ನು ಹಿಡಿದರೂ ಕಾಯುವುದು ತಪ್ಪದು. ಫೈಲ್ ತರಿಸಿಕೊಂಡರೆ ಕಾಯುವುದು ಇಡಿಗಂಟಾಗಿ ಒಮ್ಮೆ. ಪರದೆ ತರಿಸಿಕೊಂಡರೆ ಒಂದೊಂದು ಕೀಲಿಗೂ ಕಂತಿನಲ್ಲಿ. ಯಾವ ಕೆಲಸಕ್ಕೆ ಯಾವ ಕಾಯುವಿಕೆ ಹಗುರ ಎಂಬುದೇ ಇಲ್ಲಿ ತೂಗಬೇಕಾದ ವಿಷಯ.

ಮೊದಲು ರಿಮೋಟ್ ಪರವಾದ ವಾದ. ಇಡೀ ಪರದೆ ನೆಟ್‌ನಲ್ಲಿ ಹರಿದು ಬರಬೇಕೆಂದರೆ ಭಾರೀ ವೇಗ ಬೇಕಾದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಹೌದು. ಸಾಮಾನ್ಯ ಮಾನಿಟರಿನ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು 20 ಲಕ್ಷಕ್ಕೂ ಮೇಲೆ. ಚುಕ್ಕಿಗೆ ಮೂರು ಬೈಟ್ ಹಿಡಿದರೆ ಒಂದು ಚಿತ್ರಕ್ಕೆ 6 ಎಂಬಿ ದಾಟುತ್ತದೆ. ಸೆಕೆಂಡಿಗೆ 30 ಚಿತ್ರದಂತೆ ಹಾಗೇ ಕಳಿಸಿದರೆ ಸುಮಾರು ಒಂದೂವರೆ ಗಿಗಾಬಿಟ್ ವೇಗ ಬೇಕು. ಯಾವ ಮನೆಯಲ್ಲಿದೆ ಅದು? ಆದರೆ ಯಾವ ರಿಮೋಟ್ ಸಾಫ್ಟ್‌ವೇರೂ ಹಾಗೆ ಕಳಿಸುವುದಿಲ್ಲ. ಬದಲಾದ ಭಾಗವನ್ನಷ್ಟೇ ಹೆಕ್ಕಿ, ಹಿಂಡಿ, ಕಳಿಸುತ್ತದೆ. ಒಂದು ಅಂಕಿ ಟೈಪ್ ಮಾಡಿದರೆ ಬದಲಾಗುವುದು ಪರದೆಯ ಬೆರಳಗಲ ಜಾಗ. ನೀವು ಕೈಕಟ್ಟಿ ಪರದೆ ಓದುತ್ತಾ ಕೂತರೆ ನೆಟ್‌ನಲ್ಲಿ ಹೆಚ್ಚುಕಡಿಮೆ ಏನೂ ಹರಿಯುವುದಿಲ್ಲ.

ಈ ಜಿಪುಣತನ ಅದಕ್ಕೆ ಹುಟ್ಟಿನಿಂದ ಬಂದದ್ದು. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ವಿಧಾನವಾದ ಆರ್‌ಡಿಪಿ ಬೆಳಕು ಕಂಡದ್ದು 1998ರಲ್ಲಿ, ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಜತೆಗೆ. ಅದಕ್ಕೂ ಮುಂಚೆ, 1989ರಲ್ಲಿ ಶುರುವಾದ ಸಿಟ್ರಿಕ್ಸ್ ಕಂಪನಿ ಇದೇ ಹಾದಿಯಲ್ಲಿತ್ತು. ಅದು ಕಿರ್‌ಕಿರ್ ಎನ್ನುವ ಡಯಲ್‌ಅಪ್ ಮೋಡೆಮ್‌ಗಳ ಕಾಲ. 'ಇಲ್ಲಿ ಈ ಅಕ್ಷರ ಬರೆ, ಅಲ್ಲಿ ಒಂದು ಗೆರೆ ಎಳೆ' ಎಂಬ ಅಪ್ಪಣೆಗಳನ್ನೇ ಕಳಿಸಿ ಆಗಿನ ಆರ್‌ಡಿಪಿ ಕೆಲಸ ಮುಗಿಸುತ್ತಿತ್ತು. ಆ ಕಾಲದ ಗುರುತು ಇನ್ನೂ ಉಳಿದಿದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯಲ್ಲಿ 'ಎಕ್ಸ್‌ಪೀರಿಯನ್ಸ್' ಎಂಬ ಟ್ಯಾಬ್ ತೆರೆದು ನೋಡಿ: ಪಟ್ಟಿಯ ಮೊದಲ ಸಾಲಲ್ಲೇ 56 ಕೆಬಿಪಿಎಸ್ ಮೋಡೆಮ್ ಕೂತಿದೆ. ಅದನ್ನು ಆರಿಸಿದರೆ ಹಿನ್ನೆಲೆಯ ಚಿತ್ರ, ಮೆನುಗಳ ಅಂದಚಂದದ ಚಲನೆ, ಅಕ್ಷರದ ಅಂಚು ನುಣುಪಾಗಿಸುವ ಕೆಲಸ ಎಲ್ಲದರ ಟಿಕ್ ಮಾರ್ಕೂ ತಾನಾಗಿ ಹೋಗುತ್ತದೆ. ನಿಧಾನ ನೆಟ್ ಎನ್ನುವುದು ಈ ಸಾಫ್ಟ್‌ವೇರಿಗೆ ಹೊಸ ಕಷ್ಟವಲ್ಲ, ತವರುಮನೆ.

ಪರವಾದ ವಾದಕ್ಕೆ ಅತ್ಯಂತ ಗಟ್ಟಿ ಸಾಕ್ಷಿ ಬೇಕಿದ್ದರೆ ಲೆಕ್ಕಪತ್ರದ ಕಚೇರಿಗಳಿಗೆ ಹೋಗಬೇಕು. ಟ್ಯಾಲಿ ಬೆಂಗಳೂರಿನದೇ ಸಾಫ್ಟ್‌ವೇರ್. ಆಡಿಟರ್ ಆಫೀಸುಗಳಲ್ಲಿ ದಿನ ಬೆಳಗಾದರೆ ತೆರೆಯುವುದು ಅದನ್ನೇ. ಕಂಪನಿಯ ಡೇಟಾ ಆಫೀಸಿನ ಸರ್ವರ್‌ನಲ್ಲಿದೆ, ಮನೆಯಿಂದ ಆಫೀಸಿನ ಜಾಲಕ್ಕೆ ಖಾಸಗಿ ದಾರಿಯಾದ ವಿಪಿಎನ್ ಹಾಕಿ ಆ ಫೋಲ್ಡರನ್ನು ತೆರೆದು ಮನೆಯ ಲ್ಯಾಪ್‌ಟಾಪಿನ ಟ್ಯಾಲಿಯಲ್ಲೇ ಕೆಲಸ ಮಾಡುತ್ತೇನೆ ಎಂದು ಹೊರಟವರಿಗೆ ಗೊತ್ತು ಅದರ ಪಾಡು. ಹಂಚಿಕೊಂಡ ಫೋಲ್ಡರಿನಿಂದ ಡೇಟಾ ಓದುವುದೆಂದರೆ ಒಂದು ಪ್ರಶ್ನೆ, ಒಂದು ಉತ್ತರ, ಮತ್ತೊಂದು ಪ್ರಶ್ನೆ, ಮತ್ತೊಂದು ಉತ್ತರ. ಹೋಗಿಬರುವುದಕ್ಕೆ 40 ಮಿಲಿಸೆಕೆಂಡು ಹಿಡಿಯುವ ನೆಟ್‌ನಲ್ಲಿ 500 ಪ್ರಶ್ನೆ ಒಂದಾದ ಮೇಲೊಂದು ಹೋದರೆ ಬರೀ ಓಡಾಟಕ್ಕೇ 20 ಸೆಕೆಂಡು. ಲೆಡ್ಜರ್ ತೆರೆಯಿತು ಎನ್ನುವ ಹೊತ್ತಿಗೆ ಯಾವ ಪಾರ್ಟಿಯ ಲೆಡ್ಜರ್ ಕೇಳಿದ್ದೆ ಎಂಬುದೇ ಮರೆತಿರುತ್ತದೆ. ನಡುವೆ ಕನೆಕ್ಷನ್ ಕಡಿದರೆ ಡೇಟಾ ಕೆಟ್ಟು, ರೀರೈಟ್ ಮಾಡುವ ಕೆಲಸ ಬೇರೆ.

ಅದೇ ಕೆಲಸವನ್ನು ರಿಮೋಟ್ ಮೂಲಕ ಮಾಡಿದರೆ ಆ ಪ್ರಶ್ನೋತ್ತರವೆಲ್ಲ ಆಫೀಸಿನ ಒಳಗೇ ಕಣ್ಣು ಮಿಟುಕಿಸುವುದರಲ್ಲಿ ನಡೆದುಹೋಗುತ್ತದೆ. ಮನೆಗೆ ಬರುವುದು ಅದರ ಫಲವಾದ ಒಂದು ಪರದೆ. ಅದರಲ್ಲೂ ಟ್ಯಾಲಿಯ ಪರದೆ ಬಹುಪಾಲು ಅಕ್ಷರ, ಅಂಕಿ, ಬಯಲು. ಕೈ ಪಳಗಿದವರು ಮೌಸನ್ನೇ ಮುಟ್ಟುವುದಿಲ್ಲ. ಎಫ್‌8 ಒತ್ತಿದರೆ ಸೇಲ್ಸ್ ವೋಚರ್, ಎಫ್‌5 ಒತ್ತಿದರೆ ಪೇಮೆಂಟ್. ಪಾರ್ಟಿಯ ಹೆಸರಿನ ಮೊದಲೆರಡು ಅಕ್ಷರ, ಎಂಟರ್, ಮೊತ್ತ, ಎಂಟರ್, ಕಂಟ್ರೋಲ್ ಎ. ಪರದೆ ಒಂದೆರಡು ಹೆಜ್ಜೆ ಹಿಂದೆ ಬಿದ್ದರೂ ಬೆರಳಿಗೆ ದಾರಿ ಗೊತ್ತಿದೆ. ಕೈ ಮುಂದೆ ಹೋಗುತ್ತದೆ, ಪರದೆ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಇಂಥ ಕೆಲಸಕ್ಕೆ ಕಂತಿನ ಕಾಯುವಿಕೆ ಕಾಯುವಿಕೆಯೇ ಅಲ್ಲ.

ಮಲೆನಾಡಿಗೆ ಹೇಳಿ ಮಾಡಿಸಿದಂಥ ಇನ್ನೊಂದು ಗುಣವೂ ರಿಮೋಟ್‌ಗಿದೆ. ಜುಲೈ ತಿಂಗಳ ಮಳೆ, ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಇನ್‌ವರ್ಟರ್ ಇದ್ದರೂ ಟವರಿನ ಬ್ಯಾಟರಿ ಖಾಲಿಯಾಯಿತು. ರಿಮೋಟ್‌ನಲ್ಲಿದ್ದವರ ಪರದೆ ಕಪ್ಪಾಗುತ್ತದೆ, ಅಷ್ಟೆ. ಆಫೀಸಿನ ಕಂಪ್ಯೂಟರಿನಲ್ಲಿ ಅರ್ಧ ತುಂಬಿದ ವೋಚರ್ ಹಾಗೇ ನಿಂತಿರುತ್ತದೆ; ಹಾಕಿದ್ದ ದೊಡ್ಡ ರಿಪೋರ್ಟ್ ಓಡುತ್ತಲೇ ಇರುತ್ತದೆ. ನೆಟ್ ಮರಳಿದ ಮೇಲೆ ಬಿಟ್ಟಲ್ಲಿಂದ ಹಿಡಿಯಬಹುದು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇದ್ದರೂ ಸಾಕು, ಲೆಕ್ಕ ಮಾಡುವುದು ಅದಲ್ಲವಲ್ಲ. ದಿನಕ್ಕೆ ಇಷ್ಟೇ ಜಿಬಿ ಎಂಬ ಮೊಬೈಲ್ ಪ್ಲ್ಯಾನಿನಲ್ಲಿ ದಿನ ದೂಡುವವರಿಗೂ ಇದು ಭಾರವಲ್ಲ: ಸರಾಸರಿ 300 ಕೆಬಿಪಿಎಸ್‌ನಂತೆ ಎಂಟು ಗಂಟೆ ಬಳಸಿದರೂ ಒಂದು ಜಿಬಿಯ ಆಸುಪಾಸು.

ಕಂಪನಿಗಳು ರಿಮೋಟ್ ಕಡೆ ವಾಲುವುದಕ್ಕೆ ಕಾರಣ ಬೇರೆ. ಗ್ರಾಹಕರ ಮಾಹಿತಿ ಆಫೀಸು ಬಿಟ್ಟು ಕದಲುವುದಿಲ್ಲ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದುಹೋದರೆ ಕಳೆದದ್ದು ಲ್ಯಾಪ್‌ಟಾಪ್ ಮಾತ್ರ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿಗೆ ತುಸು ಮುಂಚೆ, ದೂರಸಂಪರ್ಕ ಇಲಾಖೆ ಐಟಿ, ಬಿಪಿಒ ಕಂಪನಿಗಳಿಗೆ ಮನೆಯಿಂದ ಕೆಲಸದ ನಿಯಮ ಸಡಿಲಿಸಿತು. ಅದೇ ವರ್ಷ ನವೆಂಬರ್ 5ರಂದು ಹೊಸ ಮಾರ್ಗಸೂಚಿ ಹೊರಡಿಸಿ ಎಲ್ಲಿಂದ ಬೇಕಾದರೂ ಕೆಲಸ ಮಾಡುವ ದಾರಿ ತೆರೆಯಿತು. ಆಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಮಾಹಿತಿ ಕಾಪಾಡಲು ತಕ್ಕ ಏರ್ಪಾಡು ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಫೈಲ್ ಮನೆಮನೆಗೆ ಹೋಗುವುದನ್ನು ಕಂಡರೆ ಕಂಪನಿಯ ಐಟಿ ವಿಭಾಗದವರು ಬೆಚ್ಚಿಬೀಳುವುದರಲ್ಲಿ ಅರ್ಥವಿದೆ.

ಇನ್ನು ಎದುರು ವಾದ. ಇದು ಶುರುವಾಗುವುದು ಎಂಬಿಪಿಎಸ್ ಲೆಕ್ಕಕ್ಕೆ ಸಿಗದ ಒಂದು ಅಂಶದಿಂದ: ಹೋಗಿಬರುವ ಹೊತ್ತು. ಪೈಪು ಎಷ್ಟೇ ಅಗಲವಿರಲಿ, ಕೀಲಿ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ಪರದೆ ಬದಲಾಗಿ, ಆ ಬದಲಾವಣೆ ಇಲ್ಲಿಗೆ ಬರುವವರೆಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮನುಷ್ಯನಿಗೆ ತಾನು ಮಾಡಿದ್ದು ತಕ್ಷಣ ಆಯಿತು ಅನ್ನಿಸಬೇಕಾದರೆ ಫಲ ಸುಮಾರು 100 ಮಿಲಿಸೆಕೆಂಡಿನೊಳಗೆ ಕಾಣಬೇಕು. ಕಂಪ್ಯೂಟರ್ ಬಳಕೆಯ ಅಧ್ಯಯನದಲ್ಲಿ ಇದು ದಶಕಗಳಿಂದ ಒಪ್ಪಿಕೊಂಡು ಬಂದ ಅಳತೆ. ಅದನ್ನು ದಾಟಿದರೆ ಕೈಗೂ ಕಣ್ಣಿಗೂ ಇರುವ ಹೊಂದಾಣಿಕೆ ಸಡಿಲವಾಗುತ್ತದೆ.

ದೂರ ಎಷ್ಟು ನುಂಗುತ್ತದೆ? ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಶಿರಸಿಯಿಂದ ಬೆಂಗಳೂರಿಗೆ 400 ಕಿ.ಮೀ. ಹಿಡಿದರೆ ಹೋಗಿಬರಲು 4 ಮಿಲಿಸೆಕೆಂಡು ಸಾಕು. ಅಂದರೆ ತಪ್ಪು ದೂರದ್ದಲ್ಲ. ಆದರೆ ಸರ್ವರ್ ಇರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಾದರೆ ಗೆರೆ ಎಳೆದಂತೆ ಹೋದರೂ 13,000 ಕಿ.ಮೀ. ಮೀರುತ್ತದೆ, ಹೋಗಿಬರಲು ಬೆಳಕಿಗೇ 130 ಮಿಲಿಸೆಕೆಂಡು ಬೇಕು. ಸಮುದ್ರದ ಕೇಬಲ್ಲುಗಳು ಸುತ್ತಿಬಳಸಿ ಹೋಗುವುದರಿಂದ ನಿಜದಲ್ಲಿ 200 ದಾಟುತ್ತದೆ. ಇದಕ್ಕೆ ಯಾವ ಪ್ಲ್ಯಾನ್ ಹಾಕಿಸಿದರೂ ಮದ್ದಿಲ್ಲ. ಮನೆ ಶಿರಸಿಯಲ್ಲಿದ್ದು, ಆಫೀಸು ಬೆಂಗಳೂರಿನಲ್ಲಿದ್ದು, ಕಂಪನಿಯ ವಿಪಿಎನ್ ದ್ವಾರ ಮಾತ್ರ ಸಿಂಗಪುರದಲ್ಲೋ ಲಂಡನ್‌ನಲ್ಲೋ ಇದ್ದರೆ, ಕೀಲಿಯ ಸುದ್ದಿ ಅಷ್ಟೂ ದೂರ ಹೋಗಿ ಬರಬೇಕು. ಬಳಸುವವರಿಗೆ ಕಾಣುವುದು 'ನೆಟ್ ಸ್ಲೋ' ಎಂದಷ್ಟೆ.

ಊರೊಳಗಿನ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ವಿಳಂಬಕ್ಕಿಂತ ಹೆಚ್ಚು ಕಾಡುವುದು ಅದರ ಏರುಪೇರು. 4ಜಿ ಹಾಟ್‌ಸ್ಪಾಟಿನಲ್ಲಿ ಈ ಗಳಿಗೆ 40 ಮಿಲಿಸೆಕೆಂಡು ಇದ್ದದ್ದು ಮರುಗಳಿಗೆ 400 ಆಗಬಹುದು. ಒಂದೇ ಸಮನೆ 120 ಇದ್ದರೆ ಕೈ ಹೇಗೋ ಒಗ್ಗಿಕೊಳ್ಳುತ್ತದೆ. ಏರಿಳಿದರೆ ಯಾವುದಕ್ಕೆ ಒಗ್ಗಬೇಕು? ಫೈಬರ್ ಬಂದ ಮನೆಯಲ್ಲೂ ಸಂಜೆ ಏಳರ ಹೊತ್ತಿಗೆ ಕಥೆ ಬದಲಾಗುತ್ತದೆ. ಮಗಳ ಫೋನು ದಿನದ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸಲು ಹೊರಟರೆ ಮೋಡೆಮ್ಮಿನ ಒಳಗಿನ ಸಾಲು ತುಂಬಿಕೊಳ್ಳುತ್ತದೆ, ನೀವು ಒತ್ತಿದ ಒಂದು ಕೀಲಿಯ ಚೂರು ಸುದ್ದಿಯೂ ಆ ಸಾಲಿನ ಕೊನೆಗೇ ನಿಲ್ಲಬೇಕು. ಎಂಜಿನಿಯರುಗಳು ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಸಣ್ಣ ಸುದ್ದಿಗೆ ದಾರಿ ಬಿಡುವ ಜಾಣ ವಿಧಾನ 2012ರಿಂದಲೇ ಇದೆ. ಆದರೆ ಊರ ಕೇಬಲ್‌ನವರು ಕೊಟ್ಟುಹೋಗುವ ಅಗ್ಗದ ರೂಟರಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಈ ಹೊತ್ತಿನಲ್ಲಿ ಯೂಟ್ಯೂಬ್ ವಿಡಿಯೊ ಸಲೀಸಾಗಿ ಓಡುತ್ತಿರುತ್ತದೆ, ಏಕೆಂದರೆ ಅದು ಮುಂದಿನ ಭಾಗವನ್ನು ಮೊದಲೇ ತಂದಿಟ್ಟುಕೊಂಡಿದೆ. ನೀವು ಮುಂದೆ ಯಾವ ಕೀಲಿ ಒತ್ತುತ್ತೀರಿ ಎಂಬುದನ್ನು ರಿಮೋಟ್ ಸಾಫ್ಟ್‌ವೇರ್ ಮೊದಲೇ ತಂದಿಟ್ಟುಕೊಳ್ಳಲಾರದು.

ಕನ್ನಡ ಟೈಪ್ ಮಾಡುವವರಿಗೆ ಈ ವಿಳಂಬ ಇನ್ನೂ ಚೆನ್ನಾಗಿ ಚುಚ್ಚುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಸ, ಒತ್ತಿನ ಕೀಲಿ, ತ, ಮತ್ತೆ ಒತ್ತಿನ ಕೀಲಿ, ರ, ದೀರ್ಘ ಎಂದು ಆರು ಸಲ ಒತ್ತಬೇಕು. ಪ್ರತಿ ಹೆಜ್ಜೆಗೂ ಪರದೆಯ ಮೇಲಿನ ಆಕಾರ ಬದಲಾಗುತ್ತದೆ, ಅದನ್ನು ನೋಡಿಯೇ ಬೆರಳು ಮುಂದೆ ಹೋಗುವುದು. ಒತ್ತು ಬಂತೋ ಇಲ್ಲವೋ ಗೊತ್ತಾಗದೆ ಇನ್ನೊಮ್ಮೆ ಒತ್ತಿದರೆ ಅಕ್ಷರ ಒಡೆದು ಕೂತಿರುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಅದೂ ತಡವಾಗಿ ಹೋಗಿ, ಬೇಕಾದದ್ದನ್ನೂ ಸೇರಿಸಿ ಅಳಿಸಿಬರುತ್ತದೆ. ಅಂಕಿ ತುಂಬುವವರ ಬೆರಳಿಗೆ ದಾರಿ ಗೊತ್ತಿರುವಂತೆ ಬರೆಯುವವರ ಬೆರಳಿಗೆ ಗೊತ್ತಿರುವುದಿಲ್ಲ. ವಾಕ್ಯ ಕಟ್ಟುವವರು ಅರ್ಧ ಬರೆದು ನೋಡಿ, ಹಿಂದೆ ಹೋಗಿ, ತಿದ್ದಿ, ಮತ್ತೆ ನೋಡುತ್ತಾರೆ. ಪುಟವಿನ್ಯಾಸ, ಕಟ್ಟಡದ ನಕ್ಷೆ, ಫೋಟೊ ತಿದ್ದುವ ಕೆಲಸವೂ ಇದೇ ಜಾತಿಯದು. ಗೆರೆಯ ತುದಿಯನ್ನು ಮೌಸಿನಿಂದ ಎಳೆದು ಸರಿಯಾದ ಜಾಗದಲ್ಲಿ ಬಿಡಬೇಕು. ಬಾಣ ಹಿಂದುಳಿದರೆ ಕೈ ಆ ಜಾಗ ದಾಟಿಹೋಗಿರುತ್ತದೆ, ವಾಪಸ್ ತಂದರೆ ಈಚೆ ದಾಟಿರುತ್ತದೆ. ಒಂದು ಗಂಟೆ ಹೀಗೆ ಗುದ್ದಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ.

ಪರದೆಯೂ ಈಗ ಮೊದಲಿನಂತಿಲ್ಲ. ಗೆರೆ ಎಳೆ, ಅಕ್ಷರ ಬರೆ ಎಂದು ಅಪ್ಪಣೆ ಕಳಿಸಿದರೆ ಸಾಕಾಗುತ್ತಿದ್ದ ಕಾಲದ ಸಾಫ್ಟ್‌ವೇರ್ ಹಿಂದೆ ಸರಿದು, ಜಾರುವ, ಹೊಳೆಯುವ, ತಾನಾಗಿ ಕದಲುವ ವೆಬ್‌ಪುಟಗಳು ಬಂದಿವೆ. ಅವನ್ನು ಚಿತ್ರವಾಗಿಯೇ, ಎಷ್ಟೋ ಸಲ ವಿಡಿಯೊ ಆಗಿಯೇ ಕಳಿಸಬೇಕು. ವಿಡಿಯೊ ಹಿಂಡುವಾಗ ಬಣ್ಣದ ವಿವರ ಮೊದಲು ಬಲಿಯಾಗುತ್ತದೆ. ಹೀಗಾಗಿ ಕೆಂಪು, ನೀಲಿ ಸಣ್ಣ ಅಕ್ಷರಗಳ ಅಂಚು ಕಲಸಿಹೋಗುತ್ತದೆ. ನಮ್ಮ ಒತ್ತಕ್ಷರಗಳಿಗೆ ಇದು ಒಳ್ಳೆಯದಲ್ಲ. ರಿಮೋಟ್ ಡೆಸ್ಕ್‌ಟಾಪಿನ ಒಳಗೆ ಜೂಮ್ ಮೀಟಿಂಗ್ ತೆರೆಯುವುದಂತೂ ಕೈಯಾರೆ ತಂದುಕೊಂಡ ಕಷ್ಟ. ವಿಡಿಯೊ ಆಫೀಸಿಗೆ ಬಂದು, ಅಲ್ಲಿ ಬಿಚ್ಚಿ, ಮತ್ತೆ ಕಟ್ಟಿ, ಮನೆಗೆ ಬರಬೇಕು. ಮೀಟಿಂಗನ್ನು ಮನೆಯ ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ತೆರೆದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಸಣ್ಣಪುಟ್ಟ ತೊಡಕುಗಳೂ ಕಡಿಮೆಯಿಲ್ಲ. ಮನೆಯ ಪ್ರಿಂಟರಿಗೆ ಹತ್ತು ಪುಟ ಕಳಿಸಿದರೆ ಅಷ್ಟೂ ಅದೇ ಸಪೂರ ದಾರಿಯಲ್ಲಿ ಬರಬೇಕು, ಅಲ್ಲಿಯವರೆಗೆ ಪರದೆ ಮಿಸುಕಾಡುವುದಿಲ್ಲ. ಜಿಎಸ್‌ಟಿ, ಆದಾಯ ತೆರಿಗೆಯ ಕೆಲಸಕ್ಕೆ ಬೇಕಾದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಆಫೀಸಿನ ಕಂಪ್ಯೂಟರಿಗೇ ಚುಚ್ಚಿದ್ದರೂ ಆರ್‌ಡಿಪಿಯಲ್ಲಿ ಬಂದವರಿಗೆ ಅದು ಕಾಣುವುದೇ ಇಲ್ಲ. ಟೋಕನ್ ಬಳಸುವವರ ಮನೆಯ ಕಂಪ್ಯೂಟರಿನಲ್ಲಿರಬೇಕೆಂದು ಆರ್‌ಡಿಪಿ ಎಣಿಸುತ್ತದೆ. ಕಚೇರಿಗಳಲ್ಲಿ ಇದೇ ಕಾರಣಕ್ಕೆ ಎನಿಡೆಸ್ಕ್‌ನಂಥ ಬೇರೆ ರಿಮೋಟ್ ಸಾಫ್ಟ್‌ವೇರನ್ನು ಇನ್ನೊಂದು ಕೈಯಲ್ಲಿ ಇಟ್ಟುಕೊಂಡಿರುತ್ತಾರೆ.

ಸುರಕ್ಷತೆಯ ವಾದಕ್ಕೂ ಎರಡು ಮುಖವಿದೆ. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು, ಜನರಿಂದ ಎನಿಡೆಸ್ಕ್ ಹಾಕಿಸಿ ಯುಪಿಐ ಮೂಲಕ ಹಣ ಲಪಟಾಯಿಸುತ್ತಿದ್ದ ವಂಚಕರ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಆರ್‌ಡಿಪಿಯಲ್ಲಿ ಬ್ಲೂಕೀಪ್ ಎಂಬ ದೊಡ್ಡ ತೂತು ಪತ್ತೆಯಾಗಿ, ಕೈಬಿಟ್ಟು ವರ್ಷಗಳೇ ಆಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಹಾಕಬೇಕಾಯಿತು. 3389ನೇ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟು, ಸುಲಭದ ಪಾಸ್‌ವರ್ಡ್ ಹಾಕಿ, ಸಣ್ಣ ಆಫೀಸಿನವರು ಮಲಗಿದರೆ ಬೆಳಗ್ಗೆ ಡೇಟಾ ಬೇರೆಯವರ ಬೀಗದಲ್ಲಿರಬಹುದು. ಪರದೆ ಮಾತ್ರ ಹೊರಗೆ ಹೋಗುತ್ತದೆ ಎಂಬುದು ಬಾಗಿಲು ಸರಿಯಾಗಿ ಹಾಕಿದ್ದರೆ ಮಾತ್ರ ನಿಜ.

ಹಾಗಾದರೆ ಫೈಲ್ ತರಿಸಿಕೊಳ್ಳುವುದೇ ಸುಖವೇ? ಬರೆಯುವವರಿಗೆ, ಚಿತ್ರ ಮಾಡುವವರಿಗೆ, ಪ್ರೋಗ್ರಾಮ್ ಬರೆಯುವವರಿಗೆ ಬಹುಮಟ್ಟಿಗೆ ಹೌದು. ಪ್ರೋಗ್ರಾಮರುಗಳು ಬಳಸುವ ಗಿಟ್ ನೆಟ್ ಇಲ್ಲದಿದ್ದರೂ ದಿನವಿಡೀ ಕೆಲಸ ಮಾಡಿ ಆಮೇಲೆ ಒಮ್ಮೆ ಕಳಿಸಲಿ ಎಂದೇ ಕಟ್ಟಿದ ಏರ್ಪಾಡು. ಕೆಲಸದ ನಡುವೆ ಕೈ ತಡೆಯುವುದಿಲ್ಲ. ಕೀಲಿ ಒತ್ತಿದ ಕೂಡಲೇ ಅಕ್ಷರ. ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ. ಇದನ್ನು ರಿಮೋಟ್ ಎಂದೂ ಕೊಡಲಾರದು.

ಆದರೆ ಇಡಿಗಂಟು ಕಟ್ಟುವ ಹೊತ್ತೂ ಬರುತ್ತದಲ್ಲ. 400 ಎಂಬಿಯ ಒಂದು ಫೈಲ್ 4 ಎಂಬಿಪಿಎಸ್ ದಾರಿಯಲ್ಲಿ ಇಳಿಯಲು 13 ನಿಮಿಷಕ್ಕೂ ಮೇಲೆ. ತಿದ್ದಿದ ಮೇಲೆ ಏರಿಸುವಾಗ, ಅಪ್‌ಲೋಡ್ 1 ಎಂಬಿಪಿಎಸ್ ಇದ್ದರೆ, 53 ನಿಮಿಷ. ಅಪ್‌ಲೋಡು ಡೌನ್‌ಲೋಡಿನಷ್ಟಿರುವುದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಾಗುವುದೇ ಸಂಜೆ ಆರಕ್ಕೆ ಫೈಲ್ ಕಳಿಸಲು ಕೂತಾಗ. ಬೆಂಗಳೂರಿನಲ್ಲಿ ಇನ್ನೊಬ್ಬರು ಅಷ್ಟರಲ್ಲಿ ಅದೇ ಫೈಲ್ ತಿದ್ದಿದ್ದರೆ ಯಾವುದು ನಿಜವಾದದ್ದು ಎಂಬ ಜಗಳ. 'ಫೈನಲ್', 'ಫೈನಲ್ 2', 'ಇದೇ ಫೈನಲ್' ಎಂದು ಹೆಸರಿಟ್ಟ ಫೈಲುಗಳು ಯಾವ ಆಫೀಸಿನಲ್ಲಿಲ್ಲ? ಮನೆಯ ಲ್ಯಾಪ್‌ಟಾಪಿಗೆ ತಕ್ಕ ಶಕ್ತಿ ಬೇಕು, ಸಾಫ್ಟ್‌ವೇರ್ ಲೈಸೆನ್ಸ್ ಬೇಕು, ವಿಂಡೋಸ್ ಅಪ್‌ಡೇಟ್ ಬಂದಾಗ ಅದಕ್ಕೂ ಡೇಟಾ ತೆರಬೇಕು. ನೂರಾರು ಗ್ರಾಹಕರ ಪ್ಯಾನ್, ಆಧಾರ್ ಇರುವ ಫೋಲ್ಡರ್ ಮಕ್ಕಳು ಆಟವಾಡುವ ಅದೇ ಯಂತ್ರದಲ್ಲಿ ಇರುತ್ತದೆ.

ವಿಳಂಬಕ್ಕೆ ಎಂಜಿನಿಯರುಗಳು ಮದ್ದು ಅರೆಯುತ್ತಲೇ ಬಂದಿದ್ದಾರೆ ಎಂಬುದನ್ನೂ ತಕ್ಕಡಿಗೆ ಹಾಕಬೇಕು. 2012ರಲ್ಲಿ ಆರ್‌ಡಿಪಿಗೆ ಯುಡಿಪಿ ಎಂಬ ಸಾಗಣೆ ವಿಧಾನ ಸೇರಿತು. ಹಳೆಯ ಟಿಸಿಪಿಯಲ್ಲಿ ಒಂದು ತುಣುಕು ದಾರಿಯಲ್ಲಿ ಬಿದ್ದುಹೋದರೆ ಅದು ಮರಳಿ ಬರುವವರೆಗೆ ಹಿಂದಿನವೆಲ್ಲ ನಿಲ್ಲಬೇಕು. ಯುಡಿಪಿಯಲ್ಲಿ ಆ ಕಟ್ಟುಪಾಡಿಲ್ಲ. ಸಿಗ್ನಲ್ ಕುಗ್ಗುವ ಮನೆಗಳಿಗೆ ಇದು ದೊಡ್ಡ ಉಪಕಾರ. ಆದರೆ ಆಫೀಸಿನ ಫೈರ್‌ವಾಲ್ ಯುಡಿಪಿಯನ್ನು ಒಳಗೆ ಬಿಡದಿದ್ದರೆ ಸಾಫ್ಟ್‌ವೇರ್ ಸದ್ದಿಲ್ಲದೆ ಟಿಸಿಪಿಗೇ ಮರಳುತ್ತದೆ. ಪರದೆ ತುಂಬ ತೆರೆದಾಗ ಮೇಲ್ಗಡೆ ಬರುವ ಪಟ್ಟಿಯಲ್ಲಿ ಸಿಗ್ನಲ್ ಗುರುತನ್ನು ಒತ್ತಿದರೆ ಯುಡಿಪಿ ಇದೆಯೋ ಇಲ್ಲವೋ ಎಂದು ಅಲ್ಲೇ ಬರೆದಿರುತ್ತದೆ. ವರ್ಷಗಟ್ಟಲೆ ಬಳಸಿದವರೂ ಅದನ್ನು ಒತ್ತಿ ನೋಡಿರುವುದಿಲ್ಲ. ಅದೇ 2012ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ ಮೋಶ್ ಎಂಬ ಸಾಫ್ಟ್‌ವೇರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೂರದ ಕಂಪ್ಯೂಟರಿನ ಉತ್ತರಕ್ಕೆ ಕಾಯದೆ, ನೀವು ಒತ್ತಿದ ಅಕ್ಷರವನ್ನು ಊಹಿಸಿ ಅಡಿಗೆರೆಯೊಂದಿಗೆ ತಾನೇ ತೋರಿಸಿಬಿಡುತ್ತದೆ; ಉತ್ತರ ಬಂದ ಮೇಲೆ ಖಚಿತಪಡಿಸುತ್ತದೆ. ಕಪ್ಪು ಪರದೆಯಲ್ಲಿ ಅಕ್ಷರವಷ್ಟೇ ಇರುವ ಕೆಲಸಕ್ಕೆ ಇದು ಅದ್ಭುತ. ಆದರೆ ಪೂರ್ತಿ ಡೆಸ್ಕ್‌ಟಾಪಿನಲ್ಲಿ ಒಂದು ಕ್ಲಿಕ್ ಮಾಡಿದರೆ ಮೆನು ತೆರೆಯುತ್ತದೋ, ಕಿಟಕಿ ಮುಚ್ಚುತ್ತದೋ, ಎಚ್ಚರಿಕೆ ಬರುತ್ತದೋ ಎಂದು ಊಹಿಸುವುದು ಹೇಗೆ? ಜಾಣತನಕ್ಕೂ ಒಂದು ಮಿತಿ.

ಇಷ್ಟೆಲ್ಲ ತೂಗಿದ ಮೇಲೆ ಒಂದು ಸಂಗತಿ ನಿಚ್ಚಳವಾಗುತ್ತದೆ. ನಾವೆಲ್ಲರೂ ನೋಡುವ ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಈ ತೀರ್ಮಾನಕ್ಕೆ ಅತ್ಯಂತ ಕಡಿಮೆ ಉಪಯೋಗದ್ದು. 2023ರ ಜನವರಿಯಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಟ್ಯಾಲಿಯ ರಿಮೋಟ್‌ಗೆ ಆ 2 ಎಂಬಿಪಿಎಸ್ ಧಾರಾಳ. ಏರುಪೇರಿನ 50 ಎಂಬಿಪಿಎಸ್‌ಗಿಂತ ಅಲುಗಾಡದ 2 ಎಂಬಿಪಿಎಸ್ಸೇ ಮೇಲು. ನೋಡಬೇಕಾದದ್ದು ಪಿಂಗ್, ಎಂದರೆ ಹೋಗಿಬರುವ ಹೊತ್ತು; ಅದೂ ಆಫೀಸಿನ ವಿಪಿಎನ್ ದಾಟಿದ ಮೇಲಿನ ಪಿಂಗ್, ಅದೂ ಸಂಜೆ ಹೊತ್ತು, ಅರ್ಧ ಗಂಟೆ ಬಿಡದೆ. 50 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಅಲುಗಾಡದೆ ನಿಂತಿದ್ದರೆ ಯಾವ ಕೆಲಸಕ್ಕೂ ರಿಮೋಟ್ ಸಲ್ಲುತ್ತದೆ. 100ರಿಂದ 150ರ ತನಕ ಅಂಕಿ ತುಂಬುವ, ನೋಡಿ ಒಪ್ಪಿಗೆ ಕೊಡುವ ಕೆಲಸ ನಡೆಯುತ್ತದೆ; ಬರವಣಿಗೆ ಕುಂಟುತ್ತದೆ. 200 ದಾಟಿದರೆ ಮೌಸ್ ಹಿಡಿದು ಮಾಡುವ ಕೆಲಸವನ್ನು ಮನೆಯ ಯಂತ್ರದಲ್ಲೇ ಮಾಡುವುದು ಮೇಲು. ಇವು ನಿಯಮವಲ್ಲ, ಅಂದಾಜು. ವೈಫೈ ಬಿಟ್ಟು ಕೇಬಲ್ ಚುಚ್ಚಿ, ಪರದೆಯ ಅಳತೆ ಸ್ವಲ್ಪ ತಗ್ಗಿಸಿ, ಆ 'ಎಕ್ಸ್‌ಪೀರಿಯನ್ಸ್' ಟ್ಯಾಬಿನ ಅಲಂಕಾರಗಳನ್ನೆಲ್ಲ ತೆಗೆದು ನೋಡಿದ ಮೇಲೇ ಅಂದಾಜು ಹಾಕಬೇಕು.

ಇದನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟು ಮುಗಿಸುವ ಅಗತ್ಯವಿಲ್ಲ. ದೊಡ್ಡ ಡೇಟಾ ಒಂದೆಡೆ ಇದ್ದು, ಹಲವರು ಅದನ್ನೇ ಮುಟ್ಟುತ್ತಿದ್ದು, ಪರದೆಯ ಮೇಲೆ ಆಗುವ ಬದಲಾವಣೆ ಸಣ್ಣದಾಗಿದ್ದರೆ ನೆಟ್ ಎಷ್ಟೇ ಸೊರಗಿರಲಿ ರಿಮೋಟ್ ಗೆಲ್ಲುತ್ತದೆ. ಕೈ ಮತ್ತು ಕಣ್ಣು ಎಡೆಬಿಡದೆ ಒಂದನ್ನೊಂದು ಕೇಳುತ್ತಾ ಮಾಡುವ ಕೆಲಸದಲ್ಲಿ ಫೈಲ್ ಎಷ್ಟೇ ದೊಡ್ಡದಿರಲಿ ಮನೆಗೆ ತರಿಸಿಕೊಂಡದ್ದೇ ಗೆಲ್ಲುತ್ತದೆ. ಒಬ್ಬರ ದಿನದಲ್ಲೇ ಎರಡೂ ಬಗೆಯ ಕೆಲಸ ಇರುವುದರಿಂದ ಎರಡಕ್ಕೂ ಅವಕಾಶ ಇಟ್ಟುಕೊಂಡ ಆಫೀಸು ಜಾಣ ಆಫೀಸು.

ತೊಂದರೆ ಏನೆಂದರೆ, ಬಹಳ ಕಡೆ ಈ ಆಯ್ಕೆ ಮಾಡುವವರು ಅದರ ವಿಳಂಬ ತಿನ್ನುವವರಲ್ಲ. ಕಂಪನಿಯ ಕಟ್ಟಡದೊಳಗೆ, ಗಿಗಾಬಿಟ್ ಕೇಬಲ್‌ನಲ್ಲಿ ಕೂತು ಪರೀಕ್ಷಿಸಿ 'ಎಲ್ಲ ಸರಿ ಇದೆ' ಎಂದು ಎಲ್ಲರಿಗೂ ರಿಮೋಟ್ ಹಂಚುತ್ತಾರೆ. ಮಾಹಿತಿ ಭದ್ರವಾಗಿರುವ ಲಾಭ ಕಂಪನಿಗೆ. ಪ್ರತಿ ಕೀಲಿಗೂ ಕಾಯುವ ಕಂತು ಹಳ್ಳಿಯ ಮನೆಯಲ್ಲಿ ಕೂತವರ ಹೊತ್ತಿನಿಂದ. ಕೆಲಸ ನಿಧಾನವಾದರೆ 'ನಿಮ್ಮ ಮನೆ ನೆಟ್ ಸರಿ ಇಲ್ಲ' ಎಂಬ ಮಾತು ಬೇರೆ. ಭದ್ರತೆಗೆ ರಿಮೋಟೇ ಬೇಕು ಎಂದು ಕಂಪನಿ ತೀರ್ಮಾನಿಸಿದರೆ ಅದು ತಪ್ಪಲ್ಲ. ಆದರೆ ಆಗ ವಿಪಿಎನ್ ದ್ವಾರವನ್ನು ಹತ್ತಿರಕ್ಕೆ ತರುವುದು, ಯುಡಿಪಿಗೆ ದಾರಿ ಬಿಡುವುದು, ಒಳ್ಳೆಯ ರೂಟರಿಗೆ ಹಣ ಕೊಡುವುದು ಕಂಪನಿಯ ಪಾಲಿನ ಕೆಲಸ. ದಿನದ ಗುರಿ ನಿಗದಿ ಮಾಡುವಾಗ ಆ ಕಾಯುವಿಕೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಮ್ಯಾನೇಜರರ ಕೆಲಸ. ಫೈಲೇ ಬೇಕು ಎನ್ನುವವರೂ ಅಷ್ಟೇ: ಲ್ಯಾಪ್‌ಟಾಪಿಗೆ ಗಟ್ಟಿ ಬೀಗ, ಮಕ್ಕಳ ಆಟಕ್ಕೆ ಬೇರೆ ಯಂತ್ರ, ದಿನಕ್ಕೊಮ್ಮೆ ತಪ್ಪದೆ ಆಫೀಸಿಗೆ ಒಪ್ಪಿಸುವ ಶಿಸ್ತು ಅವರ ಪಾಲಿನದು. ರಿಮೋಟ್ ಕೊಡುವ ಮುಂಚೆ ಐಟಿ ವಿಭಾಗದವರು ಒಂದು ದಿನ, ಕೊಪ್ಪದ ಕಡೆಯ ಯಾವುದಾದರೂ ಮನೆಯ ಹಾಟ್‌ಸ್ಪಾಟಿನಲ್ಲಿ, ಸಂಜೆ ಏಳರ ಮೇಲೆ ಅದೇ ಕೆಲಸವನ್ನು ತಾವೇ ಮಾಡಿ ನೋಡಲಿ. ಯಾರಿಗೆ ಪರದೆ, ಯಾರಿಗೆ ಫೈಲ್ ಎಂಬ ಪಟ್ಟಿ ಅಲ್ಲಿಯೇ ತಯಾರಾಗುತ್ತದೆ.